ಕೋಟೆಗೋಡೆಯ ಕಿಂಡಿ, ಕಾನೂನಿನ ಕಿಂಡಿ

ಲೂಪ್‌ಹೋಲ್ ಎಂಬ ಇಂಗ್ಲಿಷ್ ಪದಕ್ಕೆ ಎರಡು ಅರ್ಥಗಳಿವೆ. ಮೊದಲನೆಯದು ಕಲ್ಲುಗೋಡೆಗೆ ಸೇರಿದ್ದು. ಕೋಟೆಯ ಗೋಡೆಯಲ್ಲಿ ಬಾಣ ಬಿಡಲು, ಕೋವಿ ಹಾರಿಸಲು ಬಿಟ್ಟ ಸಣ್ಣ ಕಿಂಡಿ ಅದು. ಎರಡನೆಯದು ಕಾಗದಕ್ಕೆ ಸೇರಿದ್ದು. ಕಾನೂನಿನಲ್ಲೋ ಕರಾರುಪತ್ರದಲ್ಲೋ ಉಳಿದುಹೋದ ಸಂದು ಅದು. ಆ ಸಂದಿನಲ್ಲಿ ನುಸುಳಿದವನು ಕಾನೂನು ಮುರಿದ ಎನ್ನಲು ಬರುವುದಿಲ್ಲ. ಪಾಲಿಸಿದ ಎನ್ನಲು ಮನಸ್ಸು ಒಪ್ಪುವುದಿಲ್ಲ. ಪತ್ರಿಕೆಗಳಲ್ಲಿ, ಕೋರ್ಟಿನ ಮೊಗಸಾಲೆಯಲ್ಲಿ, ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಇಂದು ಕೇಳಿಬರುವುದು ಈ ಎರಡನೆಯ ಅರ್ಥವೇ. ಮೊದಲನೆಯದು ಬಹುಮಟ್ಟಿಗೆ ಮರೆತುಹೋಗಿದೆ. ಆದರೆ ಎರಡನೆಯದು ಹುಟ್ಟಿದ್ದು ಮೊದಲನೆಯದರ ಹೊಟ್ಟೆಯಲ್ಲಿ. ಹಾಗಾಗಿ ಮಾತು ಕೋಟೆಯಿಂದಲೇ ಶುರುವಾಗಬೇಕು.

ಮುಂಬಯಿಯ ಮಲಾಡ್‌ನಲ್ಲಿರುವ ಕೇಳುಗರಿಗೆ ಕೋಟೆ ದೂರವಿಲ್ಲ. ಮಲಾಡ್ ಪಶ್ಚಿಮದಿಂದ ಮಾರ್ವೆ ರಸ್ತೆ ಹಿಡಿದು, ಅಕ್ಸಾ ದಾಟಿ, ಮಢ್ ದ್ವೀಪದ ತುದಿಗೆ ಹೋದರೆ ಕಡಲಂಚಿನಲ್ಲಿ ಹಳೆಯ ಕಲ್ಲುಕೋಟೆಯೊಂದು ನಿಂತಿದೆ. ಅದು ಮಢ್ ಕೋಟೆ. ವರ್ಸೋವಾ ಕೋಟೆ ಎಂದೂ ಅದಕ್ಕೆ ಹೆಸರಿದೆ. 17ನೇ ಶತಮಾನದಲ್ಲಿ ಪೋರ್ಚುಗೀಸರು ಕಟ್ಟಿದ್ದು. 1739ರಲ್ಲಿ ಮರಾಠರು ಅದನ್ನು ಗೆದ್ದುಕೊಂಡರು. 1774ರಲ್ಲಿ ಅದು ಇಂಗ್ಲಿಷರ ಪಾಲಾಯಿತು. ಈಗ ಭಾರತೀಯ ವಾಯುಪಡೆಯ ವಶದಲ್ಲಿದೆ. ಕೋಟೆಯ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಮಲಾಡ್ ಖಾರಿ. ಖಾರಿಯೊಳಗೆ ನುಗ್ಗುವ ದೋಣಿ, ಹಡಗುಗಳ ಮೇಲೆ ಕಣ್ಣಿಡುವುದೇ ಅದರ ಕೆಲಸವಾಗಿತ್ತು.

ಕಣ್ಣಿಡುವುದು ಎಂಬ ಮಾತನ್ನು ಕೇಳುಗರು ನೆನಪಿನಲ್ಲಿಡಬೇಕು. ಪದದ ಬೇರು ಇರುವುದು ಅಲ್ಲಿಯೇ.

ಗೋಡೆ ಎತ್ತರವಾದಷ್ಟೂ ಒಳಗಿದ್ದವರಿಗೆ ಭದ್ರತೆ ಹೆಚ್ಚು. ಆದರೆ ಅದೇ ಗೋಡೆ ಒಳಗಿದ್ದವರ ಕಣ್ಣಿಗೂ ಅಡ್ಡ. ಹೊರಗೆ ಯಾರು ಬಂದರು, ಎಷ್ಟು ಹತ್ತಿರ ಬಂದರು, ಏಣಿ ತಂದರೋ ತೋಪು ತಂದರೋ ಎಂಬುದು ತಿಳಿಯಬೇಕು. ತಿಳಿದ ಮೇಲೆ ಹೊಡೆಯಲೂಬೇಕು. ಗೋಡೆಯ ಮೇಲೆ ತಲೆಯೆತ್ತಿ ನಿಂತರೆ ಶತ್ರುವಿನ ಗುರಿಗೆ ತಲೆ ಸಿಗುತ್ತದೆ. ಈ ಇಕ್ಕಟ್ಟಿಗೆ ಕೋಟೆ ಕಟ್ಟುವವರು ಕಂಡುಕೊಂಡ ಉತ್ತರ ಕಿಂಡಿ.

ಆ ಕಿಂಡಿಯ ಆಕಾರವನ್ನು ಮಾತಿನಲ್ಲಿ ಹೇಳುವುದು ಸ್ವಲ್ಪ ಕಷ್ಟ. ಆದರೆ ಕೇಳುಗರ ಕೈಯಲ್ಲೇ ಅದಕ್ಕೊಂದು ಮಾದರಿಯಿದೆ. ಎರಡೂ ಅಂಗೈಗಳನ್ನು ಎದೆಯ ಮುಂದೆ ಎದುರುಬದುರಾಗಿ ಹಿಡಿಯಬೇಕು. ಬೆರಳ ತುದಿಗಳು ಹೊರಕ್ಕೆ ಇರಲಿ, ಅವುಗಳ ನಡುವೆ ಒಂದು ಕಡ್ಡಿ ತೂರುವಷ್ಟು ಜಾಗವಿರಲಿ. ಮಣಿಕಟ್ಟುಗಳ ನಡುವೆ ಗೇಣಗಲ ಅಂತರವಿರಲಿ. ಈಗ ಎರಡು ಕೈಗಳ ನಡುವೆ ಉಳಿದ ತೆರಪೇ ಕೋಟೆಯ ಕಿಂಡಿಯ ಆಕಾರ. ಹೊರಗೆ ಇಕ್ಕಟ್ಟು, ಒಳಗೆ ವಿಶಾಲ. ಒಳಗೆ ನಿಂತ ಬಿಲ್ಲುಗಾರ ಎಡಕ್ಕೂ ಬಲಕ್ಕೂ ಸರಿದು ಗುರಿ ಬದಲಿಸಬಹುದು. ಹೊರಗಿನ ಬಿಲ್ಲುಗಾರನಿಗೆ ಕಾಣುವುದು ಒಂದು ಕಪ್ಪು ಗೀಟು ಮಾತ್ರ. ಗೋಡೆ ಕೆಲವು ಅಡಿ ದಪ್ಪವಿದ್ದಾಗ ಆ ಗೀಟಿನೊಳಗೆ ಬಾಣ ತೂರಿಸುವುದು ಬಹಳ ದುಸ್ತರ.

ಇದು ತುಂಬ ಹಳೆಯ ಉಪಾಯ. ಕ್ರಿಸ್ತಪೂರ್ವ 213ರ ಸುಮಾರಿಗೆ ರೋಮನ್ನರು ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರಕ್ಕೆ ಮುತ್ತಿಗೆ ಹಾಕಿದರು. ಆಗ ಆರ್ಕಿಮಿಡೀಸ್ ಗೋಡೆಯಲ್ಲಿ ಆಳೆತ್ತರಕ್ಕೆ ಸಾಲಾಗಿ ಕಿಂಡಿ ಕೊರೆಸಿದನೆಂದೂ ಹೊರಮೈಯಲ್ಲಿ ಅವು ಅಂಗೈ ಅಗಲವಷ್ಟೇ ಇದ್ದುವೆಂದೂ ಗ್ರೀಕ್ ಚರಿತ್ರಕಾರ ಪೊಲಿಬಿಯಸ್ ಬರೆದಿದ್ದಾನೆ. ನಮ್ಮ ಕಡೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗ ಕಟ್ಟುವ ಅಧ್ಯಾಯವೊಂದಿದೆ. ಅದರಲ್ಲಿ ಇಂದ್ರಕೋಶ ಎಂಬ ರಚನೆಯ ಮಾತು ಬರುತ್ತದೆ. ಬುರುಜಿಗೂ ಬಾಗಿಲಿಗೂ ನಡುವೆ ಮೂವರು ಬಿಲ್ಲುಗಾರರು ನಿಲ್ಲುವಷ್ಟು ಜಾಗ. ಮುಂದೆ ರಂಧ್ರ ಕೊರೆದ ಹಲಗೆಗಳು, ಆ ರಂಧ್ರಗಳಿಗೆ ಮುಚ್ಚಳ. ಮುಚ್ಚಳದ ಮಾತು ಮುಖ್ಯ. ಬೇಕಾದಾಗ ತೆರೆಯಲು, ಬೇಡವಾದಾಗ ಮುಚ್ಚಲು ಬರದ ಕಿಂಡಿಯಿಂದ ಅಪಾಯವಿದೆ ಎಂದು ಆ ಕಾಲದವರಿಗೇ ಗೊತ್ತಿತ್ತು.

ಕನ್ನಡ ಅರಸರು ಕಟ್ಟಿಸಿದ ಕೋಟೆಗಳಲ್ಲಿ ಈ ಕಿಂಡಿಗಳನ್ನು ಚೆನ್ನಾಗಿ ನೋಡಲು ಸಿಗುವುದು ಕಾಸರಗೋಡು ಜಿಲ್ಲೆಯ ಬೇಕಲದಲ್ಲಿ. ಕಾಸರಗೋಡು, ಮಂಜೇಶ್ವರದ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಕುಟುಂಬಗಳಿಗೆ ಆ ಕೋಟೆ ಪರಿಚಿತ. 1650ರ ಆಸುಪಾಸಿನಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಸುಮಾರು 40 ಎಕರೆ ಹರಹು, ಕೆಂಪು ಮುರಕಲ್ಲಿನ ಗೋಡೆ, ಕೆಳಗೆ ಅಲೆ ಬಡಿಯುವ ಕಡಲು. ಅದರ ಹೊರಗೋಡೆಯಲ್ಲಿ ಮೂರು ಬಗೆಯ ಕಿಂಡಿಗಳಿವೆ. ಮೇಲಿನ ಕಿಂಡಿಯಲ್ಲಿ ಕಣ್ಣಿಟ್ಟರೆ ಕಾಣುವುದು ದೂರದ ಕಡಲು. ನಡುವಿನದು ಸ್ವಲ್ಪ ಕೆಳಕ್ಕೆ ಬಾಗಿದೆ, ಅದರ ಗುರಿ ದಡ ಮುಟ್ಟಲು ಬಂದವನು. ಎಲ್ಲಕ್ಕಿಂತ ಕೆಳಗಿನ ಕಿಂಡಿಯ ಇಳಿಜಾರು ಕಡಿದು. ಅದು ಗೋಡೆಯ ಬುಡಕ್ಕೇ ಬಂದು ನಿಂತವನಿಗಾಗಿ. ಒಂದೇ ಕಿಂಡಿಯಿಂದ ಎಲ್ಲವೂ ಕಾಣುವುದಿಲ್ಲ ಎಂಬ ತಿಳಿವಳಿಕೆಯಿಂದ ಹುಟ್ಟಿದ ಲೆಕ್ಕಾಚಾರ ಇದು. ಕಲ್ಲಿನಲ್ಲಿ ಇಷ್ಟು ಯೋಚನೆ ಮಾಡಿದ ಕುಶಲಕರ್ಮಿಗಳ ಹೆಸರು ಎಲ್ಲೂ ಉಳಿದಿಲ್ಲ ಎಂಬುದು ಬೇಸರದ ಸಂಗತಿ.

ಮರಾಠಿಯಲ್ಲಿ ಇಂಥ ಕೋವಿಕಿಂಡಿಗೆ ಜಂಗ್ಯಾ ಎನ್ನುತ್ತಾರೆ. ಮಹಾರಾಷ್ಟ್ರದ ಕೋಟೆಗಳನ್ನು ಹತ್ತಿ ಇಳಿಯುವ ಮುಂಬಯಿಯ ಹುಡುಗರ ಬಾಯಲ್ಲಿ ಆ ಪದ ಇಂದಿಗೂ ಇದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಲೂಪ್‌ಹೋಲ್ ಮೂಲದಲ್ಲಿ ಕೋಟೆಯ ಕಿಂಡಿ. ಬೇಕೆಂದೇ ಬಿಟ್ಟದ್ದು, ಅಳತೆ ಮಾಡಿ ಬಿಟ್ಟದ್ದು, ಒಳಗಿದ್ದವರ ರಕ್ಷಣೆಗೆ ಬಿಟ್ಟದ್ದು. ಇನ್ನು ಆ ಪದ ಬಂದದ್ದು ಎಲ್ಲಿಂದ ಎಂಬುದನ್ನು ನೋಡಬಹುದು.

ಪದದಲ್ಲಿ ಎರಡು ತುಂಡುಗಳಿವೆ: ಲೂಪ್ ಮತ್ತು ಹೋಲ್. ಹೋಲ್ ಎಂದರೆ ತೂತು. ತೊಡಕಿರುವುದು ಲೂಪ್‌ನಲ್ಲಿ. ಲೂಪ್ ಎಂದೊಡನೆ ಹಗ್ಗದ ಕುಣಿಕೆ ನೆನಪಾಗುತ್ತದೆ. ಮಲಾಡ್‌ನ ಮೈಂಡ್‌ಸ್ಪೇಸ್‌ನಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗೆ ಸುತ್ತಿ ಸುತ್ತಿ ಬರುವ ಪ್ರೋಗ್ರಾಮಿನ ಸಾಲು ನೆನಪಾಗುತ್ತದೆ. ಲೂಪ್‌ಹೋಲ್‌ನ ಲೂಪ್ ಇವೆರಡೂ ಅಲ್ಲ. ಅಕ್ಕಸಾಲಿಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೂಪ್ ಎಂಬ ಮಸೂರಕ್ಕೂ ಇದಕ್ಕೂ ನಂಟಿಲ್ಲ. ಇದು ಬೇರೆಯೇ ಪದ. ಸುಮಾರು 1300ರ ಹೊತ್ತಿಗೆ ಇಂಗ್ಲಿಷಿನಲ್ಲಿ ಲೂಪ್ ಎಂಬ ಒಂದೇ ಪದಕ್ಕೆ ಗೋಡೆಯ ಇಕ್ಕಟ್ಟಾದ ಕಿಂಡಿ ಎಂಬ ಅರ್ಥವಿತ್ತು. ಬಾಣ ಬಿಡಲು ಇದ್ದ ಕಿಂಡಿಗೂ ಆ ಹೆಸರೇ, ಗಾಳಿ ಬೆಳಕಿಗೆ ಬಿಟ್ಟ ಕಿಂಡಿಗೂ ಆ ಹೆಸರೇ. ಅದರ ಮೂಲ ಹಳೆಯ ಡಚ್ ಭಾಷೆಯ ಲೂಪೆನ್ ಇರಬಹುದೆಂದು ಪದಶೋಧಕರು ಊಹಿಸಿದ್ದಾರೆ. ಲೂಪೆನ್ ಎಂದರೆ ಹೊಂಚಿ ನೋಡು, ಇಣುಕಿ ನೋಡು. ಮುಂದೆ ಕುಣಿಕೆಯ ಲೂಪ್ ಇಂಗ್ಲಿಷಿನಲ್ಲಿ ಬಳಕೆಗೆ ಬಂದು, ಎರಡಕ್ಕೂ ಉಚ್ಚಾರ ಒಂದೇ ಆಯಿತು. ಕಿಂಡಿಯ ಲೂಪ್‌ಗೆ ಹೋಲ್ ಎಂಬ ಬಾಲ ಸೇರಿಕೊಂಡಿತು. ಕಿಂಡಿತೂತು ಎಂದಂತೆ, ಅರ್ಥ ಎರಡು ಸಲ ಬಂದಿದೆ.

ಇಂಗ್ಲೆಂಡಿನ ಕೋಟೆಗಳಲ್ಲಿ ಬಾಣದ ಕಿಂಡಿಗಳು ಹೆಚ್ಚಾಗಿ ಕಾಣಿಸಿಕೊಂಡದ್ದು 12ನೇ ಶತಮಾನದ ಕೊನೆಗೆ. ಮೊದಲು ಅವು ಉದ್ದನೆಯ ನೆಟ್ಟಗಿನ ಸೀಳುಗಳು. ಆಮೇಲೆ ಅಡ್ಡಗೀಟು ಸೇರಿ ಶಿಲುಬೆಯ ಆಕಾರ ಬಂತು. 14ನೇ ಶತಮಾನದಲ್ಲಿ ಮದ್ದುಗುಂಡು ಬಂದ ಮೇಲೆ ಸೀಳಿನ ಬುಡದಲ್ಲಿ ಕೋವಿಯ ಮೂತಿಗೆಂದು ದುಂಡನೆಯ ತೂತು ಮೂಡಿತು. ಆಯುಧ ಬದಲಾದ ಹಾಗೆ ಕಿಂಡಿಯೂ ಬದಲಾಯಿತು.

ಪದದ ಬೇರು ಇಣುಕುವುದರಲ್ಲಿದೆ ಎಂದಾಗ ಕನ್ನಡಿಗರಿಗೆ ಉಡುಪಿ ನೆನಪಾಗುವುದು ಸಹಜ. ಶ್ರೀಕೃಷ್ಣ ಮಠದ ಪಶ್ಚಿಮದ ಗೋಡೆಯಲ್ಲಿ ಕನಕನ ಕಿಂಡಿ ಇದೆ. ಒಳಗೆ ಹೋಗಲು ಬಿಡದಿದ್ದಾಗ ಕನಕದಾಸರು ಹೊರಗೆ ನಿಂತು ಹಾಡಿದರು, ಗೋಡೆ ಬಿರುಕುಬಿಟ್ಟು ದೇವರು ಅವರತ್ತ ತಿರುಗಿದ ಎಂಬುದು ಜನರ ನಂಬಿಕೆ. ಕೋಟೆಯ ಕಿಂಡಿ ಒಳಗಿದ್ದವನು ಹೊರಗೆ ನೋಡಲು. ಕನಕನ ಕಿಂಡಿ ಹೊರಗಿದ್ದವನು ಒಳಗೆ ನೋಡಲು. ತಡೆಯೆಂದು ಕಟ್ಟಿದ ಗೋಡೆಯಲ್ಲಿ ತಡೆಯಲ್ಪಟ್ಟವನಿಗೆ ಸಿಕ್ಕಿದ ದಾರಿ ಅದು. ಲೂಪ್‌ಹೋಲ್ ಎಂಬ ಪದವನ್ನು ಬೈಗುಳದಂತೆ ಬಳಸುವಾಗ, ಗೋಡೆಯೇ ಅನ್ಯಾಯದ್ದಾಗಿರಬಹುದು ಎಂಬುದನ್ನು ಈ ಕಿಂಡಿ ನೆನಪಿಸುತ್ತದೆ.

ಈಗ ಎರಡನೆಯ ಅರ್ಥ. 1660ರ ದಶಕದಲ್ಲಿ ಇಂಗ್ಲಿಷ್ ಬರಹಗಳಲ್ಲಿ ಲೂಪ್‌ಹೋಲ್‌ಗೆ ತಪ್ಪಿಸಿಕೊಳ್ಳುವ ದಾರಿ ಎಂಬ ಅರ್ಥ ಕಾಣಿಸಿಕೊಂಡಿತು. ನಿಯಮ, ಒಪ್ಪಂದ, ವಾದ, ಯಾವುದರಿಂದ ಬೇಕಾದರೂ ಜಾರಿಕೊಳ್ಳಲು ಸಿಗುವ ತೆರಪು. ಇಲ್ಲೊಂದು ವಿಚಿತ್ರವಿದೆ. ಅಂಗೈ ಅಗಲದ ಕಿಂಡಿಯಲ್ಲಿ ಯಾರೂ ತಪ್ಪಿಸಿಕೊಂಡು ಹೋಗಲಾರರು. ಕೋಟೆಯಿಂದ ಗುಟ್ಟಾಗಿ ಹೊರಬೀಳಲು ಇದ್ದದ್ದು ದಿಡ್ಡಿ ಬಾಗಿಲು. ಆದರೂ ಈ ಅರ್ಥ ಅಂಟಿಕೊಂಡದ್ದು ಕಿಂಡಿಗೆ. ಇಡೀ ಗೋಡೆಯಲ್ಲಿ ಹೊರಗಿನ ಬೆಳಕು ಕಾಣುವ ಒಂದೇ ಜಾಗ ಅದು ಎಂಬುದೇ ಕಾರಣವಿದ್ದೀತು. ಮರಾಠಿಯವರು ಕಾನೂನಿನ ಲೂಪ್‌ಹೋಲ್‌ಗೆ ಪಳ್‌ವಾಟ್ ಎನ್ನುತ್ತಾರೆ, ಓಡಿಹೋಗುವ ದಾರಿ. ಕನ್ನಡದಲ್ಲಿ ಲೋಪ, ಸಂದು, ಒಳದಾರಿ, ಕಳ್ಳದಾರಿ, ನುಸುಳುದಾರಿ ಎಂದು ಹಲವು ಪದಗಳಿವೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ಮಾತು ಹುಟ್ಟಿದ್ದು ಇಂಥ ಜಾಣತನದಿಂದಲೇ.

ಕಿಂಡಿ ಎಂದರೆ ಆಳು ನುಸುಳುವ ಸಂದು ಎಂಬ ಅರ್ಥಕ್ಕೆ ಕನ್ನಡದಲ್ಲಿ ಚಿತ್ರದುರ್ಗದ ಓಬವ್ವನ ಕಿಂಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಏಳು ಸುತ್ತಿನ ಕೋಟೆ. ಒಳಗೆ ಮದಕರಿ ನಾಯಕ, ಹೊರಗೆ ಹೈದರಾಲಿಯ ಸೇನೆ. ಗೋಡೆ ಒಡೆಯಲು ಆಗದ ಸೇನೆಗೆ ಬಂಡೆಗಳ ನಡುವಿನ ಒಂದು ಸಂದು ಕಣ್ಣಿಗೆ ಬಿತ್ತು. ಒಬ್ಬ ಬಗ್ಗಿಕೊಂಡು, ತೆವಳಿಕೊಂಡು ಬರುವಷ್ಟು ಜಾಗ. ಕಾವಲುಗಾರ ಊಟಕ್ಕೆ ಕೂತಿದ್ದ. ನೀರಿಗೆಂದು ಹೋದ ಅವನ ಹೆಂಡತಿ ಓಬವ್ವ ಕಿಂಡಿಯಲ್ಲಿ ತೂರಿ ಬರುತ್ತಿದ್ದ ತಲೆಗಳನ್ನು ಕಂಡಳು. ಒನಕೆ ಹಿಡಿದು ನಿಂತಳು. ಒಬ್ಬೊಬ್ಬರೇ ಬರಬೇಕಾದ ಕಿಂಡಿಯಲ್ಲಿ ಒಬ್ಬೊಬ್ಬರನ್ನೇ ಹೊಡೆದು ಕೆಡವಿದಳು ಎಂದು ನಾಡಿನ ಜನ ಹೇಳಿಕೊಂಡು ಬಂದಿದ್ದಾರೆ. ದುರ್ಗ ಕೊನೆಗೆ 1779ರಲ್ಲಿ ಹೈದರಾಲಿಯ ವಶವಾಯಿತು. ಆ ಕಿಂಡಿ ಇಂದಿಗೂ ಆಕೆಯ ಹೆಸರಿನಲ್ಲಿದೆ.

ಕೇಳುಗರು ಈಗ ಎರಡು ಕಿಂಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಬೇಕಲದ್ದು ಕಟ್ಟಿದವನೇ ಬಿಟ್ಟ ಕಿಂಡಿ. ದುರ್ಗದ್ದು ಯಾರೂ ಬೇಕೆಂದು ಬಿಡದೆ ಉಳಿದ ಕಿಂಡಿ. ಕಾನೂನಿನಲ್ಲಿಯೂ ಈ ಎರಡು ಜಾತಿಗಳಿವೆ. ಎರಡನ್ನೂ ಲೂಪ್‌ಹೋಲ್ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ.

ಮೊದಲು ಕಾನೂನು ಮಾಡಿದವರೇ ಬಿಟ್ಟ ಕಿಂಡಿ. ಇದಕ್ಕೆ ಉದಾಹರಣೆ ಮಲಾಡ್‌ನ ಕಟ್ಟಡಗಳಲ್ಲೇ ಇದೆ. ಒಂದು ಜಾಗದಲ್ಲಿ ಎಷ್ಟು ಕಟ್ಟಬಹುದು ಎಂಬುದಕ್ಕೆ ಮುಂಬಯಿಯಲ್ಲಿ ಎಫ್‌ಎಸ್‌ಐ ಎಂಬ ಅಳತೆಯಿದೆ. ನಿವೇಶನದ ವಿಸ್ತೀರ್ಣಕ್ಕೂ ಅದರ ಮೇಲಿನ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣಕ್ಕೂ ಇರುವ ಪ್ರಮಾಣ ಅದು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ ಉಪನಗರಗಳಿಗೆ ಮೂಲ ಎಫ್‌ಎಸ್‌ಐ 1 ಎಂದಿತ್ತು. ಅಂದರೆ 1,000 ಚದರ ಮೀಟರ್ ಜಾಗದಲ್ಲಿ ಎಲ್ಲ ಮಹಡಿ ಸೇರಿ 1,000 ಚದರ ಮೀಟರ್ ಕಟ್ಟಬಹುದು. ಆದರೆ ಕೆಲವು ಭಾಗಗಳು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬಾಲ್ಕನಿ ಅಂಥದ್ದು. ಫ್ಲವರ್ ಬೆಡ್ ಅಂಥದ್ದು. ಫ್ಲವರ್ ಬೆಡ್ ಎಂದರೆ ಕಿಟಕಿಯ ಹೊರಗೆ ಚಾಚಿಕೊಂಡ ಹಲಗೆಯಂಥ ಕಾಂಕ್ರೀಟು. ಅದರಲ್ಲಿ ಮಣ್ಣು ತುಂಬಿ ಗಿಡ ಬೆಳೆಸಲಿ, ಬಿಸಿಲ ನಗರದಲ್ಲಿ ಒಂದಿಷ್ಟು ಹಸಿರು ಕಾಣಲಿ ಎಂಬ ಸದುದ್ದೇಶದ ವಿನಾಯಿತಿ ಅದು.

ನಡೆದದ್ದೇ ಬೇರೆ. ಕಾಗದದ ನಕ್ಷೆಯಲ್ಲಿ ಹೂವಿನ ಪಾತಿ. ಕಟ್ಟಡ ಮುಗಿಯುವಷ್ಟರಲ್ಲಿ ನಡುವಿನ ಗೋಡೆ ಮಾಯ, ನೆಲ ಸಮತಟ್ಟು, ಕಿಟಕಿ ಆ ಚಾಚಿನ ತುದಿಗೆ. ಮಲ್ಲಿಗೆ ಗಿಡ ಇರಬೇಕಾದ ಜಾಗದಲ್ಲಿ ಮಂಚದ ಕಾಲು. ಗಿಡಕ್ಕೆಂದು ಲೆಕ್ಕದಿಂದ ಹೊರಗಿಟ್ಟ ಜಾಗಕ್ಕೆ ಮನೆ ಕೊಂಡವರು ಚದರಡಿಗೆ ಪೂರ್ತಿ ದರ ತೆತ್ತರು. ಮಹಡಿ ಮೇಲೆ ಮಹಡಿ ಸೇರಿ ಕಟ್ಟಡ ನಿಯಮದ ಉದ್ದೇಶಕ್ಕಿಂತ ದಪ್ಪಗಾಯಿತು. ರಸ್ತೆ, ನೀರು, ಚರಂಡಿ ಮಾತ್ರ ಇದ್ದಷ್ಟೇ ಉಳಿದವು. ಇದರಲ್ಲಿ ಅತಿ ಹೆಚ್ಚು ನಷ್ಟವಾದದ್ದು ಸಾಲ ಮಾಡಿ ಮನೆ ಕೊಂಡ ಸಾಮಾನ್ಯ ಕುಟುಂಬಗಳಿಗೆ. ಕೊನೆಗೆ 2012ರ ಜನವರಿಯಲ್ಲಿ, ಸುಬೋಧ್ ಕುಮಾರ್ ಮಹಾನಗರಪಾಲಿಕೆಯ ಆಯುಕ್ತರಾಗಿದ್ದಾಗ, ನಿಯಮ ತಿದ್ದುಪಡಿಯಾಯಿತು. ಬಾಲ್ಕನಿ, ಫ್ಲವರ್ ಬೆಡ್ ಎಲ್ಲವೂ ಎಫ್‌ಎಸ್‌ಐ ಲೆಕ್ಕದೊಳಗೆ ಬಂದವು. ಅದಕ್ಕೆ ಬದಲಾಗಿ ವಸತಿ ಕಟ್ಟಡಗಳಿಗೆ ಶೇಕಡಾ 35ರಷ್ಟು ಹೆಚ್ಚುವರಿ ಎಫ್‌ಎಸ್‌ಐಯನ್ನು ಶುಲ್ಕ ಪಡೆದು ಕೊಡುವ ವ್ಯವಸ್ಥೆ ಬಂತು. ಗುಟ್ಟಾಗಿ ನಡೆಯುತ್ತಿದ್ದದ್ದು ಲೆಕ್ಕದೊಳಗೆ ಬಂತು, ಪಾಲಿಕೆಯ ಬೊಕ್ಕಸಕ್ಕೂ ಹಣ ಬಂತು.

ಇದೇ ಜಾತಿಯ ಇನ್ನೊಂದು ಕಿಂಡಿ ಇದಕ್ಕಿಂತ ಬಹಳ ದೊಡ್ಡದು. 1976ರಲ್ಲಿ ನಗರ ಭೂ ಪರಿಮಿತಿ ಕಾಯ್ದೆ ಬಂತು. ಮುಂಬಯಿಯಲ್ಲಿ ಒಬ್ಬರ ಬಳಿ 500 ಚದರ ಮೀಟರಿಗಿಂತ ಹೆಚ್ಚು ಖಾಲಿ ಜಮೀನು ಇರಕೂಡದು. ಬೆಂಗಳೂರಿನಲ್ಲಿ ಮಿತಿ 1,000 ಚದರ ಮೀಟರ್. ಹೆಚ್ಚುವರಿ ಜಮೀನು ಸರ್ಕಾರಕ್ಕೆ ಬಂದು ಬಡವರ ಮನೆಗಳಾಗಬೇಕು ಎಂಬುದು ಆಶಯ. ಆದರೆ ಕಾಯ್ದೆಯ 20ನೇ ವಿಧಿಯಲ್ಲಿ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರವಿತ್ತು. ಸಾರ್ವಜನಿಕ ಹಿತ ಎಂದು ತೋರಿದರೆ ವಿನಾಯಿತಿ, ಮಾಲೀಕನಿಗೆ ವಿಪರೀತ ಕಷ್ಟ ಎಂದು ತೋರಿದರೂ ವಿನಾಯಿತಿ. ದುರ್ಬಲ ವರ್ಗದವರಿಗೆ ಮನೆ ಕಟ್ಟುತ್ತೇನೆ ಎಂದವರಿಗೆ 21ನೇ ವಿಧಿಯಲ್ಲಿ ಇನ್ನೊಂದು ದಾರಿ. ಹೊರಗೆ ಇಕ್ಕಟ್ಟು, ಒಳಗೆ ವಿಶಾಲ ಎಂದು ಆಗ ಹೇಳಿದ ಆಕಾರವೇ ಇಲ್ಲಿಯೂ ಕಂಡಿತು. ಓದಲು ಇಕ್ಕಟ್ಟಾಗಿದ್ದ ವಿನಾಯಿತಿ ಬಳಕೆಯಲ್ಲಿ ಹೆಬ್ಬಾಗಿಲಾಯಿತು. ದೇಶದಲ್ಲಿ ಸುಮಾರು 2 ಲಕ್ಷ 20 ಸಾವಿರ ಹೆಕ್ಟೇರ್ ಹೆಚ್ಚುವರಿ ಎಂದು ಲೆಕ್ಕ ಸಿಕ್ಕಿತ್ತು. ಸರ್ಕಾರಗಳ ಕೈಗೆ ನಿಜವಾಗಿ ಬಂದದ್ದು ಸುಮಾರು 19 ಸಾವಿರ ಹೆಕ್ಟೇರ್. 1999ರಲ್ಲಿ ಸಂಸತ್ತು ಕಾಯ್ದೆಯನ್ನೇ ರದ್ದುಮಾಡಿತು. ಮಹಾರಾಷ್ಟ್ರ ಆ ರದ್ದತಿಯನ್ನು ಒಪ್ಪಿಕೊಂಡದ್ದು 2007ರ ಕೊನೆಗೆ.

ಆದರೂ ಆ ಕಾಯ್ದೆಯ ಆಶಯವನ್ನು ಕೈಬಿಡದೆ ಹಿಡಿದವರಿದ್ದರು. ಗೋರೆಗಾಂವ್‌ನ ಸಮಾಜವಾದಿ ನಾಯಕಿ ಮೃಣಾಲ್ ಗೋರೆ ಅವರಲ್ಲಿ ಒಬ್ಬರು. ಉಪನಗರಗಳಿಗೆ ಕುಡಿಯುವ ನೀರು ಬರಲೆಂದು ಹೋರಾಡಿ ಪಾನೀವಾಲಿ ಬಾಯಿ ಎಂದೇ ಹೆಸರಾದವರು. ಅವರೂ ಅವರ ಜೊತೆಗಾರರೂ ಹಿಡಿದ ಹಟದಿಂದಾಗಿ ಮಲಾಡ್‌ಗೆ ತಾಗಿಕೊಂಡಿರುವ ದಿಂಡೋಶಿಯಲ್ಲಿ ಸುಮಾರು 6 ಸಾವಿರ ಮನೆಗಳ ನಾಗರಿ ನಿವಾರಾ ವಸಾಹತು ಎದ್ದಿತು. ಕಡಿಮೆ ಆದಾಯದ ಕುಟುಂಬಗಳು ಅಲ್ಲಿ ಸ್ವಂತ ಮನೆ ಪಡೆದವು. ಕಾಯ್ದೆ ಸರಿಯಾಗಿ ನಡೆದಿದ್ದರೆ ಇಂಥ ವಸಾಹತುಗಳು ಇನ್ನೆಷ್ಟು ಏಳಬಹುದಿತ್ತು ಎಂದು ದಿಂಡೋಶಿಯನ್ನು ನೋಡಿದವರಿಗೆ ಅನ್ನಿಸದಿರದು.

ಇದುವರೆಗೆ ಬಂದದ್ದು ಬೇಕೆಂದೇ ಬಿಟ್ಟು, ಆಮೇಲೆ ಹಿಗ್ಗಿದ ಕಿಂಡಿಗಳು. ಇನ್ನು ಓಬವ್ವನ ಕಿಂಡಿಯ ಜಾತಿ, ಅಂದರೆ ಕಾನೂನು ಬರೆದವರ ಕಣ್ಣಿಗೆ ಬೀಳದೆ ಉಳಿದ ಸಂದು. ಇದಕ್ಕೆ ಕರ್ನಾಟಕವೇ ದೇಶಕ್ಕೆ ಉದಾಹರಣೆಯಾಗಿದೆ.

1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧ ಕಾನೂನು ಬಂತು. ಸಂವಿಧಾನಕ್ಕೆ 10ನೇ ಅನುಸೂಚಿ ಸೇರಿತು. ಗೆದ್ದ ಪಕ್ಷವನ್ನು ತಾನಾಗಿ ಬಿಟ್ಟ ಶಾಸಕ, ವಿಪ್ ಅಂದರೆ ಪಕ್ಷದ ಆದೇಶ ಮೀರಿ ಮತ ಹಾಕಿದ ಶಾಸಕ ಸ್ಥಾನ ಕಳೆದುಕೊಳ್ಳುತ್ತಾನೆ. ಆದರೆ ಪಕ್ಷದ ಮೂರನೇ ಒಂದು ಭಾಗದಷ್ಟು ಶಾಸಕರು ಒಟ್ಟಾಗಿ ಹೊರಬಂದರೆ ಅದು ಹೋಳಾಗುವುದು ಎನಿಸುತ್ತಿತ್ತು, ಪಕ್ಷಾಂತರ ಎನಿಸುತ್ತಿರಲಿಲ್ಲ. ಒಬ್ಬ ಹಾರಿದರೆ ಶಿಕ್ಷೆ, ಗುಂಪಾಗಿ ಹಾರಿದರೆ ರಕ್ಷೆ. ಈ ಕಿಂಡಿಯನ್ನು 2003ರ 91ನೇ ತಿದ್ದುಪಡಿ ಮುಚ್ಚಿತು. ಮೂರನೇ ಎರಡು ಭಾಗದಷ್ಟು ಶಾಸಕರು ಒಪ್ಪಿದ ವಿಲೀನಕ್ಕೆ ಮಾತ್ರ ರಕ್ಷಣೆ ಉಳಿಯಿತು.

ಆಗ ಬೇರೊಂದು ಸಂದು ಕಣ್ಣಿಗೆ ಬಿತ್ತು. ಪಕ್ಷ ಬಿಡದೆ, ವಿಪ್ ಮೀರದೆ, ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟರೆ? ಸದನದ ಸಂಖ್ಯೆ ಇಳಿಯುತ್ತದೆ, ಬಹುಮತದ ಗೆರೆಯೂ ಇಳಿಯುತ್ತದೆ. ರಾಜೀನಾಮೆ ಕೊಟ್ಟವನು ಉಪಚುನಾವಣೆಯಲ್ಲಿ ಇನ್ನೊಂದು ಪಕ್ಷದಿಂದ ನಿಲ್ಲಬಹುದು. 2008ರಲ್ಲಿ ಕರ್ನಾಟಕದಲ್ಲಿ ಇದು ನಡೆಯಿತು. ಅದಕ್ಕೆ ಆಪರೇಷನ್ ಕಮಲ ಎಂದು ಹೆಸರು ಬಂತು. 2019ರ ಜುಲೈಯಲ್ಲಿ ಅದು ಇನ್ನೂ ದೊಡ್ಡದಾಗಿ ನಡೆದಾಗ ಮುಂಬಯಿಯೇ ಅದರ ರಂಗಸ್ಥಳವಾಯಿತು. ರಾಜೀನಾಮೆ ಕೊಟ್ಟ ಕಾಂಗ್ರೆಸ್ ಮತ್ತು ಜೆಡಿಎಸ್ ಶಾಸಕರು ಪೊವಾಯಿಯ ಹೋಟೆಲೊಂದರಲ್ಲಿ ತಂಗಿದರು. ಮಲಾಡ್‌ನಿಂದ ಅದು ಆರೆ ಕಾಡಿನ ಆಚೆ ಬದಿ. ಅವರನ್ನು ಮಾತಾಡಿಸಲು ಬಂದ ಸಚಿವ ಡಿ.ಕೆ. ಶಿವಕುಮಾರ್ ಅವರನ್ನು ಪೊಲೀಸರು ಹೋಟೆಲಿನ ಬಾಗಿಲಲ್ಲೇ ತಡೆದರು. ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತ ಕಳೆದುಕೊಂಡಿತು.

ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸುವಂತಿಲ್ಲ ಎಂದೂ ಆದೇಶಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆ ತಪ್ಪುವುದಿಲ್ಲ, ಅನರ್ಹತೆ ಸರಿ ಎಂದಿತು. ಆದರೆ ಅವಧಿಯ ಕೊನೆಯವರೆಗೆ ಸ್ಪರ್ಧೆ ತಡೆಯುವ ಅಧಿಕಾರ ಸ್ಪೀಕರ್‌ಗೆ ಇಲ್ಲ ಎಂದೂ ಹೇಳಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅನರ್ಹರಾಗಿ ಸ್ಪರ್ಧಿಸಿದವರಲ್ಲಿ ಹೆಚ್ಚಿನವರು ಗೆದ್ದುಬಂದರು, ಹಲವರು ಮಂತ್ರಿಗಳೂ ಆದರು. ಅನರ್ಹತೆ ಸರಿ ಎನಿಸಿದರೂ, ಮತ್ತೆ ಸ್ಪರ್ಧಿಸಿ ಗೆಲ್ಲಲು ಕಾನೂನಿನ ಅಡ್ಡಿ ಇರಲಿಲ್ಲ. ಪಕ್ಷಾಂತರ ತಡೆಯಲೆಂದು ಬಂದ ಕಾನೂನಿನ ಕಣ್ಣೆದುರೇ ಪಕ್ಷಾಂತರ ನಡೆದುಹೋಯಿತು ಎಂಬುದು ಮತದಾರರಿಗೆ ಉಳಿದ ನೋವು.

ಹೀಗೆ ಕಿಂಡಿಗಳು ಎರಡು ಜಾತಿ, ಬಿಟ್ಟದ್ದು ಮತ್ತು ಉಳಿದದ್ದು. ಕೊನೆಯದಾಗಿ, ಅವನ್ನು ಮುಚ್ಚುವುದು ಹೇಗೆ ಎಂಬ ಪ್ರಶ್ನೆ. ಸಾಮಾನ್ಯ ದಾರಿ ತಿದ್ದುಪಡಿ. ಫ್ಲವರ್ ಬೆಡ್ಡಿಗೂ ಮೂರನೇ ಒಂದು ಭಾಗದ ನಿಯಮಕ್ಕೂ ಆದದ್ದು ಅದೇ. ಅದರ ಕೊರತೆ ಎಂದರೆ ತಡ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗುವುದೇ ಹೆಚ್ಚು.

ಎರಡನೆಯ ದಾರಿ ಕೋರ್ಟಿನದು. 1584ರಲ್ಲಿ ಇಂಗ್ಲೆಂಡಿನ ಹೇಡನ್ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಒಂದು ಸೂತ್ರ ಹಾಕಿಕೊಟ್ಟರು. ಹಳೆಯ ಕಾನೂನಿನಲ್ಲಿ ಯಾವ ಕೇಡಿಗೆ ಮದ್ದಿರಲಿಲ್ಲ, ಹೊಸ ಕಾನೂನು ಯಾವ ಮದ್ದು ಕೊಟ್ಟಿತು ಎಂದು ಮೊದಲು ಕೇಳಬೇಕು. ಆಮೇಲೆ ಕೇಡು ಅಡಗುವ ಹಾಗೆ, ಮದ್ದು ನಾಟುವ ಹಾಗೆ ಕಾನೂನನ್ನು ಅರ್ಥ ಮಾಡಬೇಕು. 1955ರಲ್ಲಿ ಬೆಂಗಾಲ್ ಇಮ್ಯುನಿಟಿ ಕಂಪನಿಯ ಮೊಕದ್ದಮೆಯಲ್ಲಿ ಭಾರತದ ಸುಪ್ರೀಂ ಕೋರ್ಟ್ ಇದೇ ಸೂತ್ರವನ್ನು ಹಿಡಿಯಿತು. ಎಲ್ಲ ಕಡೆ ಇದು ನಡೆಯುವುದಿಲ್ಲ. ತೆರಿಗೆಯ ವಿಷಯದಲ್ಲಿ ಅಕ್ಷರವೇ ಮೇಲು ಎಂಬ ವಾದವೂ ಬಲವಾಗಿದೆ. ಮಾರಿಷಸ್ ಮೂಲಕ ಬಂದ ಬಂಡವಾಳ ಇದಕ್ಕೆ ಸಾಕ್ಷಿ. 1980ರ ದಶಕದ ತೆರಿಗೆ ಒಪ್ಪಂದದ ಬಲದಿಂದ, ಭಾರತದ ಷೇರು ಮಾರಿ ಬಂದ ಲಾಭಕ್ಕೆ ಅಲ್ಲಿನ ಕಂಪನಿಗಳು ಇಲ್ಲಿ ತೆರಿಗೆ ಕೊಡಬೇಕಿರಲಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಪ್ಪಂದವೇ ಬದಲಾದದ್ದು 2016ರಲ್ಲಿ.

ಮೂರನೆಯ ದಾರಿ ಈಚಿನದು. ಒಂದೊಂದೇ ಕಿಂಡಿ ಹುಡುಕಿ ಮುಚ್ಚುವ ಬದಲು, ನುಸುಳುವುದನ್ನೇ ತಡೆಯುವ ಸಾಮಾನ್ಯ ನಿಯಮ ಮಾಡುವುದು. ಆದಾಯ ತೆರಿಗೆಯಲ್ಲಿ ಇಂಥ ನಿಯಮ 2017ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಗಾರ್ ಎಂಬುದು ಅದರ ಚುಟುಕು ಹೆಸರು. ತೆರಿಗೆ ತಪ್ಪಿಸುವುದೇ ಮುಖ್ಯ ಉದ್ದೇಶವಾಗಿದ್ದು, ವ್ಯವಹಾರದಲ್ಲಿ ಬೇರೆ ಹುರುಳಿಲ್ಲ ಎಂದು ಕಂಡರೆ, ಕಾಗದಪತ್ರ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅಧಿಕಾರಿಗಳು ಅದನ್ನು ಬದಿಗಿಡಬಹುದು. ಆ ಅಧಿಕಾರ ಬೇಕಾಬಿಟ್ಟಿ ಬಳಕೆಯಾಗದಿರಲಿ ಎಂದು ಅದಕ್ಕೊಂದು ಪರಿಶೀಲನಾ ಸಮಿತಿಯನ್ನೂ ಇಟ್ಟಿದ್ದಾರೆ. ಸಣ್ಣ ತೆರಿಗೆದಾರರು ಈ ನಿಯಮದ ಬಲೆಗೆ ಬೀಳುವುದಿಲ್ಲ. ತಪ್ಪಿಸಿದ ತೆರಿಗೆ 3 ಕೋಟಿ ರೂಪಾಯಿ ದಾಟಿದ ವ್ಯವಹಾರಗಳಿಗೆ ಮಾತ್ರ ಅದು ಅನ್ವಯಿಸುತ್ತದೆ.